ಸ್ಪಷ್ಟವಿಲ್ಲ

ಬಲಗಡೆ ಸ್ಪೀಕರಿನ ಹೊಟ್ಟಿಮ್ಯಾಲ ಒಂದು ಗುಂಡಿ,
ಹುಣಸಿಬೀಜಕ್ಕಿಂತ ಒಂಚೂರು ದೊಡ್ಡದು.
ಸುಮ್ಮನ ಬಿಟ್ಟರ ಸುಮ್ಮನ.
ಸಣ್ಣ ದನಿ ದೊಡ್ಡದು ಮಾಡಾಕ ಹೋದರ ಮಾತ್ರ
ಗರ್ರ್, ಚರ್ರ್,
ಕಾದ ಎಣ್ಣ್ಯಾಗ ಸಾಸಿವಿ ಬಿದ್ಧಾಂಗ.

ನನ್ನ ಕೆಲಸ ಕೇಳೂದು, ಕೇಳಿ ಟೈಪ್ ಮಾಡೂದು.
ಗದಗಿನ ಟಾಂಗಾಕೂಟದ ಹಿಂದ, ಝೆರಾಕ್ಸ್ ಅಂಗಡಿ ಮ್ಯಾಲಿನ ಖೋಲಿ,
ತಾಸಿನ ಧ್ವನಿಗೆ ನೂರಾ ಎಂಬತ್ತು ರೂಪಾಯಿ.
ಈಗ ಬಂದದ್ದು ಬೆಟಗೇರಿ ಸಾವಂತ್ರೆವ್ವನ ಹನ್ನೊಂದು ಫೈಲು:
ಮಗ್ಗ, ಲಾಳಿ, ಗಂಜಿ ಹಾಕಿದ ನೂಲು,
ತೀರಿಹೋದ ಗಂಡ, ತೀರದ ಕೂಲಿ ಲೆಕ್ಕ.
ಆಕಿ ದನಿ ಇಳಿಸಿದಾಗೆಲ್ಲ ನನ್ನ ಕೈ ಗುಂಡಿಗೆ ಹೋಗೂದು,
ಗುಂಡಿ ಗರ್ರ್ ಅನ್ನೂದು,
ಅದರೊಳಗ ಆಕಿ ಮಾತು ಮುಳುಗೂದು.
ನಾನು ಟೈಪ್ ಮಾಡೂದು: ಸ್ಪಷ್ಟವಿಲ್ಲ.

ಹೊಲಿಗಿ ಮಷಿನ್ನಿನ ಎಣ್ಣಿ ಎರಡು ಹನಿ ಬಿಟ್ಟು ನೋಡಿದೆ.
ಎರಡು ದಿನ ತೆಪ್ಪಗಿತ್ತು.
ಮೂರನೇ ದಿನ ಎಣ್ಣಿಗೆ ಧೂಳು ಹತ್ತಿ
ಮೊದಲಿಗಿಂತ ಜೋರು ಬೈತು.

ದಾವಲಸಾಬ್ ನದಾಫರ ಅಂಗಡಿ ಅಂದರ
ಒಂದು ಟೇಬಲ್ಲು, ಬಾಯಿ ತೆರೆದ ರೇಡಿಯೋಗಳ ಒಂದು ಗ್ವಾಡಿ.
ಸ್ಪೀಕರ್ ಮುಟ್ಟೂಕಿಂತ ಮೊದಲ ಕೇಳಿದರು:
"ಕಂಪ್ಯೂಟರಿನ್ಯಾಗ ಧ್ವನಿ ಏರಿಸಿದ್ರ ಗರಗರ ಅಂತೈತೇನು?"
ಇಲ್ರಿ.
"ಗುಂಡಿ ತಿರುವಿದ್ರ?"
ಹೌದ್ರಿ.
"ಮತ್ತ, ರೋಗ ಗುಂಡೀದು."

ರಬ್ಬರ್ ಪಾದದ ಕೆಳಗ ಅಡಗಿದ್ದ ನಾಕು ಸ್ಕ್ರೂ ಬಿಚ್ಚಿದರು.
ಒಳಗ ಕುದರಿ ಲಾಳದಂಥ ಕರಿ ಹಾದಿ,
ಅದರ ಮ್ಯಾಲ ಓಡಾಡೂ ತಗಡಿನ ಒಂಟಿ ಕಾಲು.
ಮೂಸಿ ನೋಡಿ, "ಎಣ್ಣಿ ಹಾಕೀರಿ" ಅಂದರು.
ಪ್ರಶ್ನಿ ಅಲ್ಲ ಅದು.
ನಾನು ಗ್ವಾಡಿ ಕಡೆ ನೋಡಿದೆ.

ಸಣ್ಣ ಕೊಳವಿ ತುರುಕಿ ಚುಸ್ ಅಂತ ಒಮ್ಮೆ ಹೊಡೆದು
ಗುಂಡಿ ನನ್ನ ಕೈಗೇ ಕೊಟ್ಟರು:
"ತಿರುವ್ರಿ. ಈ ತುದಿಯಿಂದ ಆ ತುದಿ, ಮೂವತ್ತು ಸಲ.
ದಿನಾ ಅದೇ ಎರಡು ಬಟ್ಟು ಜಾಗದಾಗ ಓಡಾಡಿಸೀರಿ,
ಉಳಿದ ಹಾದಿಯೆಲ್ಲ ಕಸ ತಿಂದೈತಿ."
ಎಣಿಸಿದೆ. ಹದಿನೇಳಕ್ಕ ಲೆಕ್ಕ ತಪ್ಪಿತು,
ಹತ್ತರಿಂದ ಮತ್ತ ಹಿಡಿದೆ.
"ಒಣಗೂತನಕ ಕರೆಂಟ್ ಕೊಡಬ್ಯಾಡ್ರಿ."
ನಲವತ್ತು ರೂಪಾಯಿ ತಗೊಂಡರು,
ಎಣ್ಣಿ ಒರೆಸಿದ್ದಕ್ಕ ಮ್ಯಾಲ ಹತ್ತು.

ರಾತ್ರಿ ಏಳನೇ ಫೈಲು.
ಗುಂಡಿ ತಿರುವಿದೆ. ಏನೂ ಇಲ್ಲ,
ನೀರಾಗ ಕೈ ಇಳಿಸಿಧಾಂಗ.
ಆಮ್ಯಾಲ: ಚಟ್.
ಸ್ವಲ್ಪ ತಡೆದು, ಚಟ್.
ಹೋತು ಐವತ್ತು ರೂಪಾಯಿ, ಅಂತ ಕೈ ತಗದೆ.
ಚಟ್.
ಗುಂಡಿ ಮುಟ್ಟೇ ಇಲ್ಲ ನಾನು.

ಹಿಂದಕ್ಕ ಎಳೆದು ಕೇಳಿದೆ, ಇನ್ನೂ ಹಿಂದಕ್ಕ.
ಸಾವಂತ್ರೆವ್ವ ಶೇಂಗಾ ಒಡಿಯಾಕತ್ತಾಳ.
ಕೂಲಿ ಮಾತಿಗೆ ಒಂದು,
ಗಂಡನ ಸುದ್ದಿಗೆ ಎರಡು ಬೆನ್ನಬೆನ್ನಿಗೆ,
ಮೂರು ಬೀಜದ ಕಾಯಿ ಸಿಕ್ಕಿತೋ ಏನೋ,
"ತಗೋ ತಂಗಿ" ಅಂತ ಕೇಳಾಕಿ ಕೈಗೊಂದು ಕಾಳು.
ದನಿ ಇಳಿತು.
ಗುಂಡಿ ತುದೀತನಕ ತಿರುವಿದೆ.

"ಇದನ್ನೆಲ್ಲ ಯಾರ ಬರಕೋತಾರವಾ?
ಆಕಿಗೆ ಹೇಳು,
ನಾ ನಡುನಡುವ ಕೆಮ್ಮಿದ್ದು ಬರೀಬ್ಯಾಡ ಅಂತ."

ಬರಿಯಾಕಿ ಹೆಣ್ಣುಮಗಳು ಅಂತ ಆಕಿಗೆ ಯಾರು ಹೇಳಿದರೋ.
ಆ ಜಾಗದಾಗ ಹೋದ ವಾರ ನಾ ಟೈಪ್ ಮಾಡಿದ್ದು:
ಸ್ಪಷ್ಟವಿಲ್ಲ.
ಎಲ್ಲಾ ಫೈಲಿನ್ಯಾಗ ಹುಡುಕಿಸಿ ನೋಡಿದೆ,
ನಲವತ್ಮೂರು ಕಡೆ.
ಒಂದೊಂದು ಕಡೆ ಎರಡೆರಡು ಸಾಲು ನುಂಗಿಕೊಂಡು
ಪುಟದ ನಡುವ ಕೂತಿತ್ತು ಆ ಶಬ್ದ,
ತಪ್ಪು ಆಕಿದೇ ಅನ್ನೂವಂಗ.

ಹನ್ನೊಂದೂವರಿ ಆಗಿತ್ತು.
ಕೆಳಗ ಝೆರಾಕ್ಸಿನವ ಶಟರ್ ಎಳೆದು ಹೋಗಿ ಬಾಳ ಹೊತ್ತಾಗಿತ್ತು.
ಮೊದಲನೇ ಫೈಲು ತೆರೆದೆ.
ಹದಿನಾಕನೇ ಸೆಕೆಂಡಿಗೆ ಸಾವಂತ್ರೆವ್ವ ಕೆಮ್ಮಿದಳು.
ಬರೀಲಿಲ್ಲ.